ಕೋಲ್ನ್ ಕಾನ್ಸರ್ಟ್ ಇಷ್ಟ, ಆದರೆ ಕೀತ್ ಜ್ಯಾರೆಟ್ ಅವರ ಬೇರೆ ಸೋಲೋಗಳು ದಣಿಸುತ್ತವೆ. ಇನ್ನೂ ಮೆತ್ತಗಿನದು ಏನಾದರೂ ಇದೆಯಾ?

ಇದೆ. ದಿ ಮೆಲೊಡಿ ಅಟ್ ನೈಟ್, ವಿತ್ ಯೂ. ಅಮೆರಿಕದ ಜಾಝ್ ಪಿಯಾನೊ ವಾದಕ ಜ್ಯಾರೆಟ್ ಅವರದೇ, 1999ರಲ್ಲಿ ಇಸಿಎಂ ಎನ್ನುವ ರೆಕಾರ್ಡ್ ಕಂಪನಿ ಹೊರತಂದ ಆಲ್ಬಂ. ನೀವು ಬರೆದಿದ್ದೀರಲ್ಲ, ಮುಕ್ಕಾಲು ಗಂಟೆ ಒಂದೇ ಸಮನೆ ಓಡುವ ವಾದನ, ನಡುನಡುವೆ ಅವರ ಗುನುಗು, ನರಳಾಟ, ಕಾಲು ಕುಟ್ಟುವ ಸದ್ದು, ಅದೆಲ್ಲ ಬೇಡ, ಇದೇ ಮನುಷ್ಯ ಮನೆಯಲ್ಲಿ ತನ್ನ ಪಾಡಿಗೆ ತಾನು ಕೂತು ನುಡಿಸಿದ ಹಾಗಿರುವುದು ಬೇಕು ಅಂತ. ಇದು ನಿಜಕ್ಕೂ ಮನೆಯಲ್ಲೇ ಕೂತು ನುಡಿಸಿದ್ದು. ಎದುರಿಗೆ ಜನ ಇಲ್ಲ, ಚಪ್ಪಾಳೆ ಇಲ್ಲ, ಜೊತೆಗೆ ಬೇಸ್ ಇಲ್ಲ, ಡ್ರಮ್ಸ್ ಇಲ್ಲ. ಒಂದು ಪಿಯಾನೊ, ಹತ್ತು ಟ್ರ್ಯಾಕ್. ಎಲ್ಲ ಸೇರಿ ಒಂದು ಗಂಟೆಗೂ ಸ್ವಲ್ಪ ಕಡಿಮೆ.

ನಾನೂ ಕೋಲ್ನ್ ಕಾನ್ಸರ್ಟ್ ಮೂಲಕವೇ ಜ್ಯಾರೆಟ್ ಹತ್ತಿರ ಹೋದವನು. ಬಹಳ ಜನ ಹಾಗೇ ಹೋಗುತ್ತಾರೆ. ಗೊತ್ತಿಲ್ಲದವರಿಗಾಗಿ ಎರಡು ಮಾತು: 1975ರ ಜನವರಿ 24ರ ರಾತ್ರಿ, ಜರ್ಮನಿಯ ಕೊಲೋನ್ ಊರಿನ ಒಪೆರಾ ಹೌಸ್‌ನಲ್ಲಿ, ಹನ್ನೊಂದೂವರೆಗೆ ಶುರುವಾದ ಕಛೇರಿ ಅದು. ಏರ್ಪಡಿಸಿದ್ದು ವೇರಾ ಬ್ರಾಂಡೆಸ್ ಎನ್ನುವ ಹದಿನೆಂಟರ ಹುಡುಗಿ. ಕೇಳಿದ್ದ ದೊಡ್ಡ ಪಿಯಾನೊ ಬದಲು ವೇದಿಕೆ ಮೇಲೆ ಬಂದದ್ದು ಒಂದು ಚಿಕ್ಕ, ಸೊರಗಿದ ಪಿಯಾನೊ. ಮೇಲಿನ ಸ್ವರಗಳು ಕಿರಕಿರ ಅನ್ನುತ್ತಿದ್ದವು, ಕೆಳಗಿನವಕ್ಕೆ ತೂಕ ಇರಲಿಲ್ಲ, ಪೆಡಲ್ ಸರಿ ಇರಲಿಲ್ಲ. ಅದರಲ್ಲೇ ಜ್ಯಾರೆಟ್ ಮೊದಲೇ ಏನೂ ಬರೆದುಕೊಳ್ಳದೆ, ಆ ಕ್ಷಣಕ್ಕೆ ಹೊಳೆದದ್ದನ್ನು ನುಡಿಸಿದರು. ಅದರ ರೆಕಾರ್ಡ್ ಜಗತ್ತಿನಲ್ಲೇ ಅತಿ ಹೆಚ್ಚು ಮಾರಾಟವಾದ ಸೋಲೋ ಪಿಯಾನೊ ಆಲ್ಬಂಗಳಲ್ಲಿ ಒಂದಾಯಿತು.

ಆಮೇಲಿನ ಇಪ್ಪತ್ತು ವರ್ಷ ಅವರು ಹೀಗೇ ನುಡಿಸುತ್ತ ಹೋದರು. ಖಾಲಿ ಕೈಯಲ್ಲಿ ಬಂದು ಕೂರುವುದು, ಏನು ಬರುತ್ತದೋ ಅದನ್ನು ಬೆಳೆಸುವುದು. ಕೇಳಲು ಎಷ್ಟು ಚೆನ್ನಾಗಿದೆಯೋ ನುಡಿಸುವವರಿಗೆ ಅಷ್ಟೇ ಹಿಂಡುವ ಕೆಲಸ. ಅವರು ಕುರ್ಚಿಯಿಂದ ಎದ್ದು ನಿಲ್ಲುತ್ತಿದ್ದರು, ಬಾಗಿ ಬಾಗಿ ಪಿಯಾನೊ ಮೇಲೇ ಬೀಳುವ ಹಾಗೆ ನುಡಿಸುತ್ತಿದ್ದರು, ಕೈ ಜೊತೆಗೆ ಗಂಟಲೂ ಹೊರಡುತ್ತಿತ್ತು. ನಿಮಗೆ ಕಿರಿಕಿರಿ ಅನಿಸಿದ ಆ ದನಿ ಆ ಶ್ರಮದ್ದೇ.

ಮುಂದಿನದು ತಿಳಿದರೆ ಈ ಆಲ್ಬಂ ಬೇರೆಯೇ ಥರ ಕೇಳಿಸುತ್ತದೆ.

1996ರಲ್ಲಿ ಇಟಲಿಯಲ್ಲಿ ಕಛೇರಿಗಳು ನಡೆಯುತ್ತಿದ್ದಾಗ ಅವರ ಮೈ ಕೈಕೊಟ್ಟಿತು. ಕ್ರಾನಿಕ್ ಫಟೀಗ್ ಸಿಂಡ್ರೋಮ್ ಅಂತ ಗೊತ್ತಾಯಿತು. ಹೆಸರು ಕೇಳಿದರೆ ಬರೀ ಸುಸ್ತು ಅನಿಸುತ್ತದೆ, ಎರಡು ದಿನ ಮಲಗಿದರೆ ಸರಿಹೋಗುತ್ತೆ ಅಂದುಕೊಳ್ಳುತ್ತೇವೆ. ಹಾಗಲ್ಲ ಅದು. ಎಷ್ಟು ಮಲಗಿದರೂ ಹೋಗದ ಸುಸ್ತು. ಸ್ವಲ್ಪ ಮೈ ದಣಿಸಿಕೊಂಡರೂ ಮುಂದೆ ಎಷ್ಟೋ ದಿನ ಹಾಸಿಗೆ ಬಿಟ್ಟು ಏಳಲಾಗದ ಸ್ಥಿತಿ. ಕಛೇರಿಗಳೆಲ್ಲ ನಿಂತವು. ಐವತ್ತರ ಆಸುಪಾಸಿನ, ಜಗತ್ತೇ ಕೇಳುತ್ತಿದ್ದ ಪಿಯಾನೊ ವಾದಕ ಇನ್ನು ಮತ್ತೆ ನುಡಿಸುತ್ತೇನೋ ಇಲ್ಲವೋ ಅಂತ ನ್ಯೂ ಜೆರ್ಸಿಯ ಹಳ್ಳಿಗಾಡಿನ ತಮ್ಮ ಮನೆಯಲ್ಲಿ ಕೂತಿದ್ದರು.

ಮನೆಗೆ ಹೊಂದಿಕೊಂಡೇ ಅವರದೊಂದು ಸ್ಟುಡಿಯೋ ಇತ್ತು. ಅಲ್ಲಿದ್ದ ಹ್ಯಾಂಬರ್ಗ್ ಸ್ಟೈನ್‌ವೇ ಪಿಯಾನೊವನ್ನು ಆಗಷ್ಟೇ ಪೂರ್ತಿ ರಿಪೇರಿ ಮಾಡಿಸಿದ್ದರು. 1997ರ ಡಿಸೆಂಬರ್‌ನಲ್ಲಿ, ಹೆಂಡತಿಗೆ ಕ್ರಿಸ್‌ಮಸ್ ಉಡುಗೊರೆ ಕೊಡೋಣ ಅಂತ ಟೇಪ್ ಮಾಡಲು ಶುರುಮಾಡಿದರು. ಇದನ್ನು ಅವರೇ 1999ರಲ್ಲಿ ಟೈಮ್ ಪತ್ರಿಕೆಗೆ ಹೇಳಿಕೊಂಡಿದ್ದಾರೆ. ಬೆಳಗ್ಗೆ ಎದ್ದಾಗ ಮೈ ಸ್ವಲ್ಪ ಪರವಾಗಿಲ್ಲ ಅನಿಸಿದ ದಿನ ಹೋಗಿ ಟೇಪ್ ರೆಕಾರ್ಡರ್ ಆನ್ ಮಾಡುವುದು, ಕೆಲವೇ ನಿಮಿಷ ನುಡಿಸುವುದು, ಅಷ್ಟಕ್ಕೇ ಸುಸ್ತಾಗಿ ಎದ್ದು ಬರುವುದು. ಹೀಗೆ ಚೂರುಚೂರಾಗಿ ಕೂಡಿಬಂದ ಆಲ್ಬಂ ಇದು. ಅದೇ ಮಾತುಕತೆಯಲ್ಲಿ ಅವರು ಇನ್ನೊಂದು ಹೇಳಿದ್ದರು, ನನಗೆ ಬಹಳ ಮುಖ್ಯ ಅನಿಸಿದ್ದು ಅದೇ: ಜಾಣತನ ತೋರಿಸುವಷ್ಟು ಶಕ್ತಿ ತಮ್ಮಲ್ಲಿ ಉಳಿದಿರಲಿಲ್ಲ ಅಂತ.

ನನ್ನ ಪಾಲಿಗೆ ಇಡೀ ಆಲ್ಬಂ ಈ ಮಾತಿನಲ್ಲಿದೆ. ಅಷ್ಟು ಕೈಚಳಕ ಇದ್ದ ಮನುಷ್ಯನಿಗೆ ಕೈಚಳಕ ತೋರಿಸಲು ಆಗದೇ ಹೋದಾಗ ಉಳಿದದ್ದು ಹಾಡಿನ ಟ್ಯೂನ್ ಒಂದೇ. ಅದನ್ನೇ ಅವರು ನುಡಿಸಿದರು. ಮೊದಲ ಸ್ವರದಿಂದ ಕೊನೆಯ ಸ್ವರದವರೆಗೆ, ಎಲ್ಲೂ ಬಿಟ್ಟು ಓಡದೆ.

ಇಲ್ಲಿ ಪಿಯಾನೊ ಬಗ್ಗೆ ಒಂದು ವಿಷಯ ಹೇಳಲೇಬೇಕು. ನಿಧಾನದ ಹಾಡು ಪಿಯಾನೊದಲ್ಲಿ ಸುಲಭ ಅಂತ ನಾವು ಅಂದುಕೊಳ್ಳುತ್ತೇವೆ ಅಲ್ವಾ, ವೇಗ ಇಲ್ಲವಲ್ಲ ಅಂತ. ಕಷ್ಟ ಇರುವುದೇ ಅಲ್ಲಿ. ಪಿಟೀಲಿನಲ್ಲಿ ಕಮಾನು ಎಳೆಯುತ್ತ ಸ್ವರವನ್ನು ಎಷ್ಟು ಹೊತ್ತು ಬೇಕಾದರೂ ಹಿಡಿಯಬಹುದು, ಹಿಗ್ಗಿಸಬಹುದು. ಗಂಟಲಲ್ಲಿ ಉಸಿರು ಇರುವಷ್ಟು ಹೊತ್ತು ನಿಲ್ಲಿಸಬಹುದು. ಪಿಯಾನೊದಲ್ಲಿ ಆಗಲ್ಲ. ಕೀ ಒತ್ತಿದಾಗ ಒಳಗಿನ ಸುತ್ತಿಗೆ ಹೋಗಿ ತಂತಿಗೆ ಹೊಡೆಯುತ್ತದೆ, ಹೊಡೆದ ಮರುಕ್ಷಣದಿಂದ ಆ ಸ್ವರ ಕರಗುತ್ತ ಹೋಗುತ್ತದೆ. ಮತ್ತೆ ಅದನ್ನು ದೊಡ್ಡದು ಮಾಡುವ ದಾರಿ ಇಲ್ಲ. ಹಾಗಾಗಿ ನಿಧಾನದ ಹಾಡಿನಲ್ಲಿ, ಮೊದಲ ಸ್ವರ ಎಷ್ಟು ಕರಗಿದೆ ಅಂತ ಕಿವಿಗೊಟ್ಟು ನೋಡಿ, ಎರಡನೆಯದನ್ನು ಅದಕ್ಕೆ ಹೊಂದುವಷ್ಟೇ ಭಾರದಲ್ಲಿ ಇಡಬೇಕು. ಸ್ವಲ್ಪ ಜೋರಾದರೆ ಅದು ಹೊಸದಾಗಿ ಬಡಿದ ಹಾಗೆ ಕೇಳುತ್ತದೆ, ಹಾಡು ತುಂಡಾಗುತ್ತದೆ. ತೀರಾ ಮೆತ್ತಗೆ ಒತ್ತಿದರೆ ಸುತ್ತಿಗೆ ತಂತಿಯವರೆಗೂ ಹೋಗದೆ ಸ್ವರವೇ ಹುಟ್ಟದಿರಬಹುದು. ಈ ಆಲ್ಬಂನ ಪ್ರತಿ ಸಾಲಿನಲ್ಲೂ ಜ್ಯಾರೆಟ್ ಈ ಎರಡರ ನಡುವಿನ ಇಷ್ಟೇ ಇಷ್ಟು ಜಾಗದಲ್ಲಿ ನುಡಿಸುತ್ತಾರೆ. ಹೊಸದಾಗಿ ರಿಪೇರಿಯಾದ ಪಿಯಾನೊ ಅಷ್ಟು ಮೆತ್ತಗಿನ ಒತ್ತಿಗೂ ಮಾತಾಡುತ್ತಿತ್ತು, ಮೈಕ್ ಇಟ್ಟ ಜಾಗವೂ ಸರಿ ಕೂಡಿಬಂತು, ಅಷ್ಟು ಮೆತ್ತಗೆ ನುಡಿಸಲು ಸಾಧ್ಯವಾಯಿತು ಅಂತ ಅವರೇ ಹೇಳಿದ್ದಾರೆ.

ಹೆಡ್‌ಫೋನ್ ಹಾಕಿಕೊಂಡು ಮೊದಲನೆಯದನ್ನೇ ಕೇಳಿ. ಐ ಲವ್ಸ್ ಯೂ, ಪೋರ್ಗಿ. ಜಾರ್ಜ್ ಗರ್ಶ್ವಿನ್ ಅವರ 1935ರ ಒಪೆರಾ ಪೋರ್ಗಿ ಅಂಡ್ ಬೆಸ್‌ನ ಹಾಡು. ಕ್ರೌನ್ ಎನ್ನುವ ಒರಟ ತನ್ನನ್ನು ಎಳೆದುಕೊಂಡು ಹೋಗದಂತೆ ಕಾಪಾಡು, ನಿನ್ನ ಹತ್ತಿರವೇ ಇಟ್ಟುಕೋ ಅಂತ ಬೆಸ್ ಪೋರ್ಗಿಯನ್ನು ಬೇಡಿಕೊಳ್ಳುವ ಸಂದರ್ಭ. ನೀನಾ ಸಿಮೋನ್ ಹಾಡಿದ್ದನ್ನು ಮೊದಲು ಒಂದು ಸಲ ಕೇಳಿಬಿಡಿ, ಅವರಿಗೆ ಮೊದಲು ಹೆಸರು ತಂದ ಹಾಡು ಅದು. ಆಮೇಲೆ ಜ್ಯಾರೆಟ್ ಕೇಳಿ. ಮಾತು ಇಲ್ಲದಿದ್ದರೂ ಒಂದೊಂದು ಸಾಲೂ ಎಲ್ಲಿ ಮುಗಿಯಿತು, ಎಲ್ಲಿ ಉಸಿರು ತೆಗೆದುಕೊಂಡರು ಅಂತ ಗೊತ್ತಾಗುತ್ತದೆ. ಹಾಡುವವರು ಉಸಿರು ತೆಗೆದುಕೊಳ್ಳುವ ಜಾಗದಲ್ಲೇ ಇವರ ಕೈ ಕೂಡ ಏಳುತ್ತದೆ.

ಈ ಹಾಡುಗಳನ್ನು ಅಮೆರಿಕದಲ್ಲಿ ಸ್ಟ್ಯಾಂಡರ್ಡ್ಸ್ ಅನ್ನುತ್ತಾರೆ. ಹೆಚ್ಚಿನವು 1920ರಿಂದ 50ರ ನಡುವೆ ನಾಟಕಕ್ಕೋ ಸಿನಿಮಾಕ್ಕೋ ಬರೆದವು, ಆಮೇಲೆ ಯಾರು ಬೇಕಾದರೂ ಹಾಡುವ, ನುಡಿಸುವ ಹಾಡುಗಳಾದವು. ನಮ್ಮಲ್ಲಿ ಒಂದೇ ಭಾವಗೀತೆಯನ್ನು ಒಬ್ಬೊಬ್ಬ ಗಾಯಕರು ಒಂದೊಂದು ಥರ ಹಾಡಿದರೂ ಸಭೆಯಲ್ಲಿ ಕೂತವರ ಬಾಯಲ್ಲಿ ಸಾಲು ಮೊದಲೇ ಇರುತ್ತದಲ್ಲ, ಹಾಗೆ. ಜಾಝ್ ವಾದಕರು ಸಾಮಾನ್ಯವಾಗಿ ಒಂದು ಸಲ ಟ್ಯೂನ್ ನುಡಿಸಿ, ಆಮೇಲೆ ಅದರ ಕಾರ್ಡ್‌ಗಳ, ಅಂದರೆ ಟ್ಯೂನ್ ಕೆಳಗೆ ಒಟ್ಟೊಟ್ಟಿಗೆ ನುಡಿಸುವ ಸ್ವರಗುಚ್ಛಗಳ, ಮೇಲೆ ತಮ್ಮ ಕಲ್ಪನೆ ಹರಿಸಿ, ಕೊನೆಗೆ ಟ್ಯೂನ್‌ಗೆ ವಾಪಸ್ ಬರುತ್ತಾರೆ. 1983ರಿಂದ ಬೇಸ್ ವಾದಕ ಗ್ಯಾರಿ ಪೀಕಾಕ್, ಡ್ರಮ್ಸ್ ವಾದಕ ಜ್ಯಾಕ್ ಡಿಜಾನೆಟ್ ಜೊತೆ ತಮ್ಮ ಟ್ರಿಯೋದಲ್ಲಿ, ಅಂದರೆ ಮೂವರ ತಂಡದಲ್ಲಿ, ಜ್ಯಾರೆಟ್ ಮಾಡುತ್ತಿದ್ದದ್ದೂ ಅದೇ, ಬಹಳ ಅದ್ಭುತವಾಗಿ. ಈ ಆಲ್ಬಂನಲ್ಲಿ ಆ ನಡುವಿನ ಭಾಗ ಹೆಚ್ಚೂಕಡಿಮೆ ಇಲ್ಲ. ಡ್ಯೂಕ್ ಎಲಿಂಗ್ಟನ್ ಅವರ ಐ ಗಾಟ್ ಇಟ್ ಬ್ಯಾಡ್‌ನಲ್ಲಿ ಸ್ವಲ್ಪ ಬ್ಲೂಸ್ ಛಾಯೆಯ ಬೆರಳಾಟ ಇದೆ. ಬ್ಲೇಮ್ ಇಟ್ ಆನ್ ಮೈ ಯೂತ್ ಮುಗಿಯುವಾಗ ಅದೇ ಗುಂಗಿನಲ್ಲಿ ಮೆಡಿಟೇಶನ್ ಅಂತ ಅವರದೇ ಒಂದು ಪುಟ್ಟ ಆಲಾಪದಂಥದ್ದು ಬರುತ್ತದೆ. ಉಳಿದಂತೆ ಬರೀ ಹಾಡು.

ನನಗೆ ಬಹಳ ಆಪ್ತವಾದದ್ದು ಶೆನಾಂಡೋವ. ಇದು ನಾಟಕದ್ದೂ ಅಲ್ಲ, ಸಿನಿಮಾದ್ದೂ ಅಲ್ಲ, ನದಿಯಲ್ಲಿ ದೋಣಿ ನಡೆಸುತ್ತಿದ್ದವರು ಹಾಡುತ್ತಿದ್ದ ಹಳೆಯ ಜನಪದ ಹಾಡು. ನಮ್ಮ ಮನೆಯ ಹಾರ್ಮೋನಿಯಂನಲ್ಲಿ ಇದನ್ನು ಹುಡುಕಿ ನುಡಿಸಿದೆ. ಬಿಳಿ ಒಂದಕ್ಕೆ ಷಡ್ಜ ಇಟ್ಟುಕೊಂಡರೆ ಇಡೀ ಹಾಡು ಬಿಳಿ ಕೀಗಳ ಮೇಲೇ ಸಿಗುತ್ತದೆ, ಒಂದೂ ಕಪ್ಪು ಬೇಡ. ಬಿಲಾವಲ್ ಥಾಟ್‌ನ ಸ್ವರಗಳು ಅಷ್ಟೇ. ಸಂಗೀತ ಕಲಿಯಲು ಶುರುಮಾಡಿದ ಮಗುವೂ ಇದನ್ನು ನುಡಿಸಬಹುದು. ಹಾಗಾದರೆ ಜ್ಯಾರೆಟ್ ನುಡಿಸಿದ್ದರಲ್ಲಿ ಇರುವುದೇನು ಅಂತ ಕೂತು ಗಮನಿಸಿದರೆ, ಬಲಗೈಯ ಕಿರುಬೆರಳಿನ ಕಡೆ ಟ್ಯೂನ್ ನಡೆಯುತ್ತಿರುತ್ತದೆ, ಎಡಗೈ ಕೆಳಗೆ ಆಧಾರ ಇಡುತ್ತದೆ, ಇವೆರಡರ ನಡುವೆ ಉಳಿದ ಬೆರಳುಗಳು ಇನ್ನೊಂದು, ಕೆಲವು ಸಲ ಮತ್ತೊಂದು ದನಿಯನ್ನು ಬಹಳ ಮೆಲ್ಲಗೆ ಸರಿಸುತ್ತಿರುತ್ತವೆ. ಒಂದು ಸ್ವರ ಅರ್ಧ ಹೆಜ್ಜೆ ಇಳಿಯುತ್ತದೆ, ಅಷ್ಟರಲ್ಲೇ ಮೇಲಿನ ಅದೇ ಟ್ಯೂನ್‌ನ ಬಣ್ಣ ಬದಲಾಗುತ್ತದೆ. ಮೊದಲ ಸಲಕ್ಕೆ ಇದು ಕಿವಿಗೆ ಬೀಳುವುದಿಲ್ಲ. ಒಮ್ಮೆ ಬಿದ್ದರೆ ಆಮೇಲೆ ಪ್ರತಿ ಹಾಡಿನಲ್ಲೂ ಆ ನಡುವಿನ ದನಿಯನ್ನೇ ಕಿವಿ ಹುಡುಕುತ್ತದೆ.

ನಮ್ಮ ಅಪ್ಪ ಧಾರವಾಡದವರು, ಮಲ್ಲಿಕಾರ್ಜುನ ಮನ್ಸೂರರ ಕಛೇರಿ ಎದುರಿಗೆ ಕೂತು ಕೇಳಿದವರು, ಪಾಶ್ಚಾತ್ಯ ಸಂಗೀತ ಅಂದರೆ ಅಷ್ಟಕ್ಕಷ್ಟೇ. ಒಂದು ಸಂಜೆ ಇದು ಹಾಲ್‌ನಲ್ಲಿ ಹಾಕಿದ್ದೆ. ಪೇಪರ್ ಓದುತ್ತಿದ್ದವರು ಸ್ವಲ್ಪ ಹೊತ್ತಿನ ಮೇಲೆ ತಲೆ ಎತ್ತಿ, "ಯಾರಪಾ ಇಂವಾ? ಭಾಳ ಸಾವಕಾಶ ಬಾರಸ್ತಾನ" ಅಂದರು. ಅವರ ಬಾಯಲ್ಲಿ ಸಾವಕಾಶ ಅನ್ನುವುದು ದೊಡ್ಡ ಮೆಚ್ಚುಗೆ. ಹಾಡಿನ ಮಾತು ತಿಳಿಯದವರಿಗೂ ಇದು ಮುಟ್ಟುತ್ತದೆ ಅಂತ ಹೇಳಲು ಇದನ್ನು ಬರೆದೆ.

ಬಿ ಮೈ ಲವ್ ಇನ್ನೊಂದು ಕಾರಣಕ್ಕೆ ಕೇಳಬೇಕು. 1950ರಲ್ಲಿ ಮಾರಿಯೋ ಲಾಂಜಾ ಒಂದು ಸಿನಿಮಾದಲ್ಲಿ ಇದನ್ನು ಪೂರ್ತಿ ಒಪೆರಾ ಗಂಟಲಲ್ಲಿ, ಕೊನೆಗೆ ತಾರದ ತುದಿಗೆ ಹೋಗಿ ನಿಲ್ಲುವ ಹಾಗೆ ಹಾಡಿದ್ದರು. ಅದರ ರೆಕಾರ್ಡ್ ಹತ್ತು ಲಕ್ಷಕ್ಕೂ ಜಾಸ್ತಿ ಮಾರಾಟವಾಯಿತು. ಇಡೀ ಥಿಯೇಟರ್‌ಗೆ ಕೇಳಿಸಬೇಕಾದ ಪ್ರೇಮ ಅದು. ಅದೇ ಹಾಡನ್ನು ಜ್ಯಾರೆಟ್ ಪಕ್ಕದಲ್ಲಿ ಕೂತ ಒಬ್ಬರಿಗೆ ಮಾತ್ರ ಕೇಳಿಸಿದರೆ ಸಾಕು ಅನ್ನುವ ಹಾಗೆ ನುಡಿಸುತ್ತಾರೆ. ಎರಡನ್ನೂ ಒಂದರ ಹಿಂದೆ ಒಂದು ಕೇಳಿದರೆ ಒಂದೇ ಟ್ಯೂನ್‌ಗೆ ಇಷ್ಟು ದೂರ ಹೋಗಲು ಸಾಧ್ಯವಾ ಅನಿಸುತ್ತದೆ. ಇನ್ನೊಂದು ಮಾತು, ಇದು ನನ್ನ ಊಹೆ ಅಷ್ಟೇ: ಆಗ ಅವರ ಹೆಂಡತಿಯಾಗಿದ್ದವರ ಹೆಸರು ರೋಸ್ ಆ್ಯನ್. ಈ ಆಲ್ಬಂನ ಐದನೇ ಹಾಡು ಮೈ ವೈಲ್ಡ್ ಐರಿಶ್ ರೋಸ್. ಹತ್ತೊಂಬತ್ತನೇ ಶತಮಾನದ ಕೊನೆಯ, ಜಾಝ್ ವಾದಕರು ಅಷ್ಟಾಗಿ ಮುಟ್ಟದ ಹಾಡು. ಅದು ಇಲ್ಲಿಗೆ ಯಾಕೆ ಬಂತು ಅಂತ ಬೇರೆ ಕಾರಣ ಹುಡುಕಲು ನನಗೆ ಮನಸ್ಸು ಬರುವುದಿಲ್ಲ. ಮುಂದೆ 2010ರ ಹೊತ್ತಿಗೆ ಅವರಿಬ್ಬರೂ ಬೇರೆಯಾದರು. ಅದು ಗೊತ್ತಾದ ಮೇಲೂ ಈ ಹಾಡು ನನಗೆ ಸುಳ್ಳಾಗಿಲ್ಲ.

ಈ ಆಲ್ಬಂ ತೀರಾ ಸಿಹಿ, ಇದು ಜಾಝೇ ಅಲ್ಲ, ದೊಡ್ಡ ಹೋಟೆಲ್ ಲಾಬಿಯಲ್ಲಿ ನುಡಿಸುವ ಪಿಯಾನೊ ಇದ್ದ ಹಾಗಿದೆ ಅನ್ನುವವರು ನಿಮಗೆ ಸಿಗುತ್ತಾರೆ. ನಾನು ಒಪ್ಪುವುದಿಲ್ಲ. ಲಾಬಿಯ ಪಿಯಾನೊ ಮಾತಿನ ನಡುವೆ ಕೇಳದೇ ಹೋದರೂ ನಡೆಯುವ ಸಂಗೀತ. ಇದು ಮಾತಿನ ನಡುವೆ ಹಾಕಿದರೆ ಹಾಳಾಗುತ್ತದೆ, ಯಾಕೆಂದರೆ ಇದರ ಅರ್ಧ ವಿಷಯ ಸ್ವರ ಕರಗುವ ಜಾಗದಲ್ಲಿದೆ. ಸಮ್‌ವನ್ ಟು ವಾಚ್ ಓವರ್ ಮಿ ಶುರುವಿನ ಸಾಲು ಒಂದೇ ಉಸಿರಿಗೆ ಮೇಲೇರಿ, ಆಮೇಲೆ ಒಂದೊಂದೇ ಸ್ವರವಾಗಿ ಇಳಿಯುತ್ತದೆ. ಆ ಇಳಿಯುವ ಸ್ವರಗಳಲ್ಲಿ ಯಾವ ಎರಡೂ ಒಂದೇ ತೂಕದ್ದಲ್ಲ. ಇದನ್ನು ಮಿಕ್ಸಿ ಓಡುವಾಗ, ಟ್ರಾಫಿಕ್‌ನಲ್ಲಿ ಕಾರಿನ ಕಿಟಕಿ ತೆಗೆದು ಕೇಳಿದರೆ ಒಂದು ಚೆಂದದ ಟ್ಯೂನ್ ಕೇಳಿದ ಹಾಗಾಗುತ್ತದೆ, ಅಷ್ಟೇ. ಹಾಗೇ ನಿದ್ದೆ ಬರಿಸುವ ಪಿಯಾನೊ ಅಂತ ಯಾರೋ ಮಾಡಿಟ್ಟ ಪ್ಲೇಲಿಸ್ಟ್‌ಗಳಲ್ಲಿ ಈ ಹಾಡುಗಳು ಸಿಕ್ಕರೆ ಅಲ್ಲಿ ಕೇಳಬೇಡಿ ಅಂತ ಕೇಳಿಕೊಳ್ಳುತ್ತೇನೆ. ಆಲ್ಬಂ ಆಗಿಯೇ ಕೇಳಿ, ಅದೇ ಕ್ರಮದಲ್ಲಿ. ಅನುಮಾನದಿಂದ ತೆರೆದ ಹಾಗಿರುವ ಪೋರ್ಗಿಯಿಂದ ಹಿಡಿದು ಐಯಾಮ್ ಥ್ರೂ ವಿತ್ ಲವ್‌ವರೆಗೆ ಅದಕ್ಕೊಂದು ನಡಿಗೆ ಇದೆ.

ಅವರು ಆಮೇಲೆ ಏನಾದರು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಈ ಆಲ್ಬಂ ಹೊರಬರುವ ಮೊದಲೇ, 1998ರ ನವೆಂಬರ್‌ನಲ್ಲಿ, ನ್ಯೂ ಜೆರ್ಸಿಯ ನ್ಯೂಅರ್ಕ್‌ನಲ್ಲಿ ಟ್ರಿಯೋ ಜೊತೆ ಮತ್ತೆ ವೇದಿಕೆ ಹತ್ತಿದರು. ಆ ಕಛೇರಿ ಆಫ್ಟರ್ ದಿ ಫಾಲ್ ಅನ್ನುವ ಹೆಸರಲ್ಲಿ 2018ರಲ್ಲಿ ಬಂತು. ಅಲ್ಲಿ ಅವರ ಬೆರಳು ಮತ್ತೆ ಓಡುತ್ತದೆ, ಗಂಟಲೂ ವಾಪಸ್ ಬಂದಿದೆ. ಮುಂದಿನ ಸೋಲೋ ಕಛೇರಿಗಳಲ್ಲಿ ಮುಕ್ಕಾಲು ಗಂಟೆಯ ಒಂದೇ ವಾದನ ಹೋಗಿ ಚಿಕ್ಕ ಚಿಕ್ಕ ಭಾಗಗಳು ಬಂದವು. ಇನ್ನೂ ಇಪ್ಪತ್ತು ವರ್ಷ ನುಡಿಸಿದರು ಅನ್ನುವಷ್ಟರಲ್ಲಿ, 2018ರ ಫೆಬ್ರವರಿಯಲ್ಲಿ ಒಂದು, ಮೇನಲ್ಲಿ ಇನ್ನೊಂದು ಪಾರ್ಶ್ವವಾಯು ಹೊಡೆಯಿತು. ಎಡಭಾಗಕ್ಕೆ. 2020ರಲ್ಲಿ ನ್ಯೂಯಾರ್ಕ್ ಟೈಮ್ಸ್ ಮೂಲಕ ಅವರೇ ಇದನ್ನು ಹೊರಗೆ ಹೇಳಿದರು. ಎಡಗೈ ಮತ್ತೆ ಪಿಯಾನೊಗೆ ಒದಗುವಷ್ಟು ಸುಧಾರಿಸಲಿಲ್ಲ. ಅದನ್ನು ಓದಿದ ಮೇಲೆ ನಾನು ಈ ಆಲ್ಬಂ ಕೇಳುವಾಗ ಎಡಗೈ ಕಡೆ ಜಾಸ್ತಿ ಕಿವಿ ಕೊಡುತ್ತೇನೆ. ಕಷ್ಟವಾಗುತ್ತದೆ, ಆದರೂ ಕೇಳುತ್ತೇನೆ.

ಹೇಗೆ ಶುರುಮಾಡುವುದು ಅಂದರೆ, ಇಡೀ ಆಲ್ಬಂಗೆ ಕೂರುವ ಮೊದಲು ಶೆನಾಂಡೋವ ಒಂದನ್ನು ಕೇಳಿ ನೋಡಿ, ಅದು ಒಂಬತ್ತನೆಯದು. ಸೌಂಡ್ ನೀವು ಸಾಮಾನ್ಯವಾಗಿ ಇಡುವುದಕ್ಕಿಂತ ಒಂದು ಹೆಜ್ಜೆ ಜಾಸ್ತಿಯೇ ಇರಲಿ, ಅವರು ಮೆತ್ತಗೆ ನುಡಿಸಿದ್ದಾರೆ ಅಂತ ನೀವು ಕಡಿಮೆ ಇಟ್ಟರೆ ನಡುವಿನ ದನಿಗಳು ಸಿಗುವುದಿಲ್ಲ. ಫೋನ್ ಸ್ಪೀಕರ್ ಬೇಡ, ಎಡಗೈ ಅರ್ಧ ಕೇಳಿಸುವುದೇ ಇಲ್ಲ. ಅದು ಇಷ್ಟವಾದರೆ ಮೊದಲಿನಿಂದ ಹಿಡಿಯಿರಿ.

ಇದು ಪೂರ್ತಿ ನಿಮ್ಮದಾದ ಮೇಲೆ ಜಾಸ್ಮಿನ್ ಕೇಳಿ. 2007ರಲ್ಲಿ ಅದೇ ಮನೆಯ ಸ್ಟುಡಿಯೋದಲ್ಲಿ, ಹಳೆಯ ಗೆಳೆಯ, ಬೇಸ್ ವಾದಕ ಚಾರ್ಲಿ ಹೇಡನ್ ಜೊತೆ ನುಡಿಸಿದ್ದು, ಬಂದದ್ದು 2010ರಲ್ಲಿ. ಅಲ್ಲೂ ಹಳೆಯ ಪ್ರೇಮಗೀತೆಗಳೇ, ಆದರೆ ಜ್ಯಾರೆಟ್ ಮೈಯಲ್ಲಿ ಶಕ್ತಿ ಇದೆ, ಜೊತೆಗೆ ಹೇಡನ್ ಅವರ ದಪ್ಪ, ಬೆಚ್ಚನೆಯ ಬೇಸ್ ಇದೆ. ಅದೇ ಸಲ ನುಡಿಸಿದ ಉಳಿದ ಹಾಡುಗಳು 2014ರಲ್ಲಿ ಲಾಸ್ಟ್ ಡಾನ್ಸ್ ಅಂತ ಬಂದವು, ಆಲ್ಬಂ ಬಂದ ಮುಂದಿನ ತಿಂಗಳೇ ಹೇಡನ್ ತೀರಿಕೊಂಡರು. ಟ್ರಿಯೋದಲ್ಲಿ ಎಲ್ಲಿಂದ ಶುರುಮಾಡಬೇಕು ಅನ್ನುವುದು ಬೇರೆಯೇ ದೊಡ್ಡ ವಿಷಯ, ಆ ಪ್ರಶ್ನೆ ಹಾಕಿದರೆ ಅದಕ್ಕೂ ಬರೆಯುತ್ತೇನೆ.